ಕುಡತಿನಿಯ ಬೂದಿ, ಕುರೆಕುಪ್ಪದ ಹುಲ್ಲು

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಹೊರಟರೆ ಕುಡತಿನಿ ಸಿಗುತ್ತದೆ; ಮುಂದೆ ತೋರಣಗಲ್ಲು, ಅದರ ಮಗ್ಗುಲಲ್ಲೇ ಸಂಡೂರು ತಾಲ್ಲೂಕಿನ ಕುರೆಕುಪ್ಪ. ಇವತ್ತು ಈ ಹಾದಿಗೆ ಚಿಮಣಿಗಳೇ ಗುರುತು. ಕುಡತಿನಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ, ತೋರಣಗಲ್ಲು-ಕುರೆಕುಪ್ಪದ ಬಳಿ ಉಕ್ಕಿನ ಕಾರ್ಖಾನೆ. ಕಲ್ಲಿದ್ದಲಿನ ಹಾರುಬೂದಿಯನ್ನೂ ಅದಿರಿನ ಕೆಂಧೂಳನ್ನೂ ಬೈದುಕೊಳ್ಳದ ಮನೆ ಇಲ್ಲಿ ಕಡಿಮೆ. ಆದರೆ ಬೂದಿ ಈ ಸೀಮೆಗೆ ಹೊಸದಲ್ಲ. ಕುಡತಿನಿಯ ಗುಡ್ಡಗಳ ನಡುವಿನ ಕಣಿವೆಯಲ್ಲಿ ನಾಲ್ಕು ಸಾವಿರ ವರ್ಷದಷ್ಟು ಹಳೆಯ ಬೂದಿಯ ದಿಬ್ಬವೊಂದಿದೆ. ಇಂಥವು ಬಳ್ಳಾರಿ, ಕೊಪ್ಪಳ, ರಾಯಚೂರು, ಯಾದಗಿರಿ ಸೀಮೆಗಳಲ್ಲೂ ನೆರೆಯ ಆಂಧ್ರ-ತೆಲಂಗಾಣದಲ್ಲೂ ಸೇರಿ ನೂರಕ್ಕೂ ಹೆಚ್ಚು ಸಿಕ್ಕಿವೆ. ಹುಲ್ಲುಗಾವಲನ್ನು ನಂಬಿ ದನ ಸಾಕಿ, ಮಳೆಯನ್ನು ನಂಬಿ ಬೆಳೆ ತೆಗೆದ ದಕ್ಷಿಣ ಭಾರತದ ಮೊದಲ ರೈತರ ಲೆಕ್ಕಪುಸ್ತಕ ಎಂದರೆ ಈ ದಿಬ್ಬಗಳೇ. ಅದನ್ನು ಓದಲು ಕಲಿಯುವುದಕ್ಕೆ ವಿದ್ವಾಂಸರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ರಾಕ್ಷಸನ ಚಿತೆಯೋ, ಕಬ್ಬಿಣದ ಕುಲುಮೆಯೋ

ಊರಿನವರ ಬಳಿ ವಿವರಣೆ ಮೊದಲೇ ಸಿದ್ಧವಿತ್ತು. ಕುಡತಿನಿಯ ಬೂದಿ ಭೀಮ ಕೊಂದ ಹಿಡಿಂಬಾಸುರನದು. ಹಂಪಿಯ ಹತ್ತಿರ ನಿಂಬಾಪುರದಲ್ಲಿರುವ ಬೂದಿ ರಾಮನ ಬಾಣಕ್ಕೆ ಬಿದ್ದ ವಾಲಿಯದು. ಇಷ್ಟು ದೊಡ್ಡ ರಾಶಿ ಬೀಳಬೇಕಾದರೆ ಸುಟ್ಟ ದೇಹವೂ ಅಷ್ಟೇ ದೊಡ್ಡದಿರಬೇಕಲ್ಲ ಎಂಬುದು ಆ ಕಥೆಗಳ ತರ್ಕ.

ಮದ್ರಾಸ್ ಸೇನೆಯ ಅಧಿಕಾರಿ ಟಿ. ಜೆ. ನ್ಯೂಬೋಲ್ಡ್ ಈ ಕಥೆಗಳನ್ನು ಕೇಳಿಸಿಕೊಂಡು, ದಿಬ್ಬಗಳನ್ನು ನೋಡಿ, ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1843ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಮೆತ್ತನೆಯ ಬಿಳಿ ಬೂದಿಯ ಪದರಗಳ ನಡುವೆ ಗಾಜಿನಂತೆ ಕರಗಿ ಗಟ್ಟಿಯಾದ, ರಂಧ್ರ ತುಂಬಿದ ಕಿಟ್ಟದ ಹೆಂಟೆಗಳಿದ್ದವು. ಸಾಮಾನ್ಯ ಬೆಂಕಿಗೆ ಮಣ್ಣು ಹೀಗೆ ಕರಗುವುದಿಲ್ಲ. ಹಾಗಾದರೆ ಇಲ್ಲಿ ಉರಿದದ್ದು ಏನು?

ಸರಿಯಾದ ಉತ್ತರದ ದಾರಿ ಹಿಡಿದವನು ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯ ಈತ 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಹೆಸರಾದವನು. ಬಳ್ಳಾರಿ ಜಿಲ್ಲೆಯ ಕಲ್ಲುಮಣ್ಣನ್ನು ವರ್ಷಗಟ್ಟಲೆ ಅಳೆದು ತಿರುಗಿದ ಫೂಟ್, ಬೂದಿದಿಬ್ಬಗಳ ಬಳಿಯಲ್ಲೇ ನಯಗೊಳಿಸಿದ ಕಲ್ಲುಕೊಡಲಿ, ಮಡಕೆಚೂರು, ದನದ ಮೂಳೆಗಳು ಸಿಗುವುದನ್ನು ಕಂಡ. ಇದು ನವಶಿಲಾಯುಗದ ಗೋಪಾಲಕರ ದೊಡ್ಡಿಯ ಸಗಣಿ, ಸುಟ್ಟು ಬೂದಿಯಾದದ್ದು ಎಂದು ಹೇಳಿದ.

ಈ ಮಾತು ಹಲವರಿಗೆ ರುಚಿಸಲಿಲ್ಲ. 1899ರಲ್ಲಿ ರಾಬರ್ಟ್ ಸೀವೆಲ್ ಬೇರೆ ವಾದ ಮುಂದಿಟ್ಟ. ಮರುವರ್ಷವೇ ವಿಜಯನಗರವನ್ನು ಕುರಿತು ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿ, ಪೇಯಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹಗಳನ್ನು ಇಂಗ್ಲಿಷಿಗೆ ತಂದ ಸೀವೆಲ್ ಈತನೇ. ವಿಜಯನಗರದ ವೈಭವ, ಸಾಮೂಹಿಕ ಸಹಗಮನದ ವರ್ಣನೆ ತಲೆಯಲ್ಲಿ ತುಂಬಿಕೊಂಡಿದ್ದವನಿಗೆ ಈ ದಿಬ್ಬಗಳಲ್ಲಿ ಮನುಷ್ಯರ ಮಹಾಚಿತೆ ಕಾಣಿಸಿತು. ಇಪ್ಪತ್ತನೆಯ ಶತಮಾನ ಕಾಲಿಟ್ಟ ಮೇಲೆ ಇನ್ನು ಕೆಲವರಿಗೆ ಅವು ಕಬ್ಬಿಣ ಕರಗಿಸಿದ ಕುಲುಮೆಗಳಾಗಿ ಕಂಡವು. ಸಂಡೂರಿನ ಅದಿರು ಬೆಟ್ಟಗಳು ಕಣ್ಣಿಗೆ ಕಾಣುವ ದೂರದಲ್ಲಿರುವಾಗ ಕಿಟ್ಟ ನೋಡಿದವರಿಗೆ ಕುಲುಮೆ ನೆನಪಾದದ್ದು ಆಶ್ಚರ್ಯವೇನಲ್ಲ. ಚಿತೆಗೆ ಘನತೆಯಿದೆ, ಕುಲುಮೆಗೂ ಇದೆ. ಸಗಣಿಗೆ ಆ ಘನತೆ ಕೊಡಲು ಪಂಡಿತರು ತಯಾರಿರಲಿಲ್ಲ.

ಹುಲ್ಲು ಹೇಳಿದ ಸಾಕ್ಷಿ

ತಕರಾರು ಬಗೆಹರಿದದ್ದು 1950ರ ದಶಕದ ಕೊನೆಯಲ್ಲಿ, ಅದೂ ಕುಡತಿನಿಯ ಬೂದಿಯಿಂದಲೇ. ಲಂಡನ್ನಿನ ಪುರಾತತ್ವ ಸಂಸ್ಥೆಯ ಎಫ್. ಇ. ಝೈನರ್ ಇಲ್ಲಿನ ಮಾದರಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಹುಲ್ಲಿನ ಜೀವಕೋಶಗಳಲ್ಲಿ ಸಿಲಿಕಾದ ಸಣ್ಣ ಕಣಗಳಿರುತ್ತವೆ. ದನ ಹುಲ್ಲು ಮೇದಾಗ ಅವು ಜೀರ್ಣವಾಗದೆ ಸಗಣಿಯಲ್ಲಿ ಉಳಿಯುತ್ತವೆ. ಸಗಣಿ ಸುಟ್ಟರೂ ಬೂದಿಯಲ್ಲಿ ಉಳಿಯುತ್ತವೆ. ರಾಶಿ ದೊಡ್ಡದಾಗಿ ಒಳಗಿನ ಕಾವು ಬಹಳ ಏರಿದರೆ ಕರಗಿ ಗಾಜಾಗುತ್ತವೆ. ನ್ಯೂಬೋಲ್ಡನನ್ನು ಕಾಡಿದ ಕಿಟ್ಟದ ಗುಟ್ಟು ಇದು. ಫೂಟ್ ಹೇಳಿದ್ದು ಸರಿಯಾಗಿತ್ತು. ಕುಡತಿನಿಯ ದಿಬ್ಬವನ್ನು ಸುಟ್ಟ ಸಗಣಿ ಎನ್ನಬಹುದು. ಇನ್ನೂ ಒಂದು ಹೆಜ್ಜೆ ಹಿಂದೆ ಹೋದರೆ, ಈ ಬಯಲಿನಲ್ಲಿ ತಲೆಮಾರುಗಳ ಕಾಲ ಬೆಳೆದ ಹುಲ್ಲು ಎಂದೇ ಹೇಳಬೇಕು.

ಅದೇ ಹೊತ್ತಿಗೆ, 1957ರಲ್ಲಿ, ಎಫ್. ಆರ್. ಆಲ್ಚಿನ್ ಕೃಷ್ಣೆಯ ಆಚೆ, ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದರು. ಬೂದಿಯ ಪದರಗಳ ಕೆಳಗೆ ಮರದ ಗೂಟ ನೆಟ್ಟ ಕುಳಿಗಳ ಸಾಲು ಸಿಕ್ಕಿತು. ದನ ಕೂಡುವ ದೊಡ್ಡಿಗೆ ಹಾಕಿದ ಬೇಲಿ ಅದು. ಬೇಲಿ ಸುಟ್ಟಿತ್ತು, ಮತ್ತೆ ಕಟ್ಟಿದ್ದರು, ಮತ್ತೆ ಸುಟ್ಟಿತ್ತು. ಒಂದು ಪದರದಲ್ಲಿ ದನಗಳ ಗೊರಸಿನ ಗುರುತುಗಳೂ ಅಚ್ಚೊತ್ತಿದಂತೆ ಉಳಿದಿದ್ದವು. ವಾಲಿ, ಹಿಡಿಂಬ, ಮಹಾಸತಿ, ಕಮ್ಮಾರ ಎಲ್ಲರನ್ನೂ ಆ ಗೊರಸುಗಳು ಒಮ್ಮೆಗೇ ಪಕ್ಕಕ್ಕೆ ಸರಿಸಿದವು. 1963ರಲ್ಲಿ ಆಲ್ಚಿನ್ ಬರೆದ ‘ನಿಯೊಲಿಥಿಕ್ ಕ್ಯಾಟಲ್-ಕೀಪರ್ಸ್ ಆಫ್ ಸೌತ್ ಇಂಡಿಯಾ’ ದಕ್ಷಿಣದ ಪ್ರಾಗಿತಿಹಾಸಕ್ಕೆ ಹೊಸ ಅಧ್ಯಾಯ ಸೇರಿಸಿತು.

ದೊಡ್ಡಿ, ಹೊಲ, ಕೊಡಲಿ

ಈ ಜನ ಯಾರು, ಹೇಗೆ ಬದುಕಿದರು? ಕ್ರಿ.ಪೂ. 3000ದಿಂದ 1200ರ ನಡುವೆ ಕೃಷ್ಣಾ-ತುಂಗಭದ್ರೆಯ ಬಯಲಿನಲ್ಲಿ ನೆಲೆಸಿದವರು. ಕಣಶಿಲೆಯ ಗುಡ್ಡದ ನೆತ್ತಿಯಲ್ಲೋ ಬುಡದಲ್ಲೋ ಗುಡಿಸಲು, ಕೆಳಗಿನ ಬಯಲಿನಲ್ಲಿ ಮೇವು. ಸಾಕಿದ್ದು ಡುಬ್ಬದ ದನ, ಜೊತೆಗೆ ಕುರಿ-ಮೇಕೆ. ಬಳ್ಳಾರಿಗೆ ಹತ್ತಿರದ ಸಂಗನಕಲ್ಲು-ಕಪ್ಪಗಲ್ಲಿನ ಗುಡ್ಡಗಳಲ್ಲಿ ಅವರು ಬಂಡೆಗೆ ಕಲ್ಲು ಕುಟ್ಟಿ ಉದ್ದ ಕೊಂಬಿನ ದನಗಳನ್ನು ನೂರಾರು ಸಂಖ್ಯೆಯಲ್ಲಿ ಬಿಡಿಸಿದ್ದಾರೆ. 1892ರಲ್ಲಿ ಎಫ್. ಫಾಸೆಟ್ ಈ ಚಿತ್ರಗಳನ್ನು ಹೊರಜಗತ್ತಿಗೆ ಪರಿಚಯಿಸಿದ. ಅಲ್ಲಿನ ಕೆಲವು ಬಂಡೆಗಳು ಬಡಿದರೆ ನಾದ ಕೊಡುತ್ತವೆ. ಯಾವ ಪ್ರಾಣಿಯಿಂದ ಬದುಕು ನಡೆಯಿತೋ ಅದನ್ನೇ ಬಂಡೆಯ ಮೇಲೂ ಬರೆದ ಜನ ಇವರು.

ಆಲ್ಚಿನ್ ಕಂಡದ್ದು ಹೆಚ್ಚಾಗಿ ದನದ ಹಿಂದೆ ಹೋಗುವ ಗೋವಳರನ್ನು. ಆಮೇಲಿನ ಉತ್ಖನನಗಳು ಚಿತ್ರವನ್ನು ತುಂಬಿದವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1989ರಿಂದ 1997ರವರೆಗೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದಾಗ ದನದ ದೊಡ್ಡಿಯ ಪಕ್ಕದಲ್ಲೇ ಮನೆಗಳು, ಕಲ್ಲಿನ ಉಪಕರಣ ಮಾಡುವ ಜಾಗ, ಮಾಂಸ ಕಡಿಯುತ್ತಿದ್ದ ಕಟ್ಟೆ ಎಲ್ಲವೂ ಸಿಕ್ಕವು. ಬೂದಿದಿಬ್ಬ ಎಂದರೆ ಅಲೆಮಾರಿಗಳು ಬಿಟ್ಟುಹೋದ ಒಂದು ಋತುವಿನ ಬಿಡಾರ ಎಂಬ ನಂಬಿಕೆ ಅಲ್ಲಿ ಸಡಿಲವಾಯಿತು. ಅಲ್ಲೊಂದು ಊರೇ ಇತ್ತು.

ಸಂಗನಕಲ್ಲಿನಲ್ಲಿ ಬೆಂಡಪೂಡಿ ಸುಬ್ಬರಾವ್ ನಡೆಸಿದ ಅಗೆತದ ವರದಿ 1948ರಲ್ಲೇ ಬಂದಿತ್ತು. ಅರ್ಧ ಶತಮಾನದ ನಂತರ ಧಾರವಾಡದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮತ್ತು ಅವರ ಜೊತೆಗಾರರು ಅದೇ ಸಂಗನಕಲ್ಲು, ಹತ್ತಿರದ ಕುರುಗೋಡು, ತೆಕ್ಕಲಕೋಟೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ತೇಲಿದ ಸುಟ್ಟ ಕಾಳುಗಳನ್ನು ಆರಿಸಿದರು. ಸಿಕ್ಕಿದ್ದು ಕೊರಲೆ, ಅದರ ಜೊತೆಯ ಇನ್ನೊಂದು ಹುಲ್ಲುಜಾತಿಯ ಸಿರಿಧಾನ್ಯ, ಹೆಸರು, ಹುರುಳಿ. ಗೋಧಿ, ಜವೆಗೋಧಿ ಸ್ವಲ್ಪ ಪ್ರಮಾಣದಲ್ಲಿ ಆಮೇಲೆ ಬಂದವು; ಆಫ್ರಿಕಾ ಮೂಲದ ಸಜ್ಜೆ, ಅವರೆ ಇನ್ನೂ ತಡವಾಗಿ. ಮುಂಗಾರಿಗೆ ಬಿತ್ತಿ ಮಳೆ ನಿಂತ ಮೇಲೆ ಕೊಯ್ಯುವ, ಕಾಳು ಮನುಷ್ಯನಿಗೂ ಹೊಟ್ಟು-ಸೊಪ್ಪೆ ದನಕ್ಕೂ ಆಗುವ ಬೆಳೆಗಳು ಇವು. ಧಾನ್ಯದ ಜೊತೆ ದ್ವಿದಳ ಬೆಳೆದರೆ ನೆಲದ ಕಸುವು ಉಳಿಯುತ್ತದೆ ಎಂದು ಇಂದಿನ ಸಾವಯವ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಸಂಗನಕಲ್ಲಿನವರು ಆ ಜೋಡಿಯನ್ನು ಆಗಲೇ ಬೆಳೆಯುತ್ತಿದ್ದರು.

ಇದು ಹೊಟ್ಟೆಪಾಡಿನ ಸಣ್ಣ ವ್ಯವಹಾರವೂ ಆಗಿರಲಿಲ್ಲ. ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕರಿಕಲ್ಲಿನ ಕೊಡಲಿ ತಯಾರಿಸಿದ ಜಾಗದ ಚಕ್ಕೆರಾಶಿ ನೋಡಿದರೆ, ಆ ಊರಿನವರು ತಮಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಮಾಡುತ್ತಿದ್ದರು ಎಂಬುದು ಸ್ಪಷ್ಟ. ಕೊಡಲಿ ಬೇರೆ ಊರುಗಳಿಗೆ ಹೋಗುತ್ತಿತ್ತು. ದೊಡ್ಡ ಹಿಂಡು, ಮಳೆ ಬೆಳೆ, ವಿನಿಮಯದ ಸರಕು ಮೂರೂ ಒಂದೇ ಬಯಲಿನಲ್ಲಿ ಕೂಡಿದ್ದವು.

ಸುಟ್ಟದ್ದೇಕೆ?

ಇಲ್ಲಿ ಯಾವ ರೈತನಿಗಾದರೂ ಏಳುವ ಪ್ರಶ್ನೆ: ಇಷ್ಟು ಗೊಬ್ಬರವನ್ನು ಹೊಲಕ್ಕೆ ಹಾಕದೆ ಸುಟ್ಟರೇಕೆ? ಸುಟ್ಟ ಸಗಣಿಯಲ್ಲಿ ಪೊಟ್ಯಾಷ್, ರಂಜಕ ಉಳಿಯುತ್ತವೆ. ಸಾರಜನಕ ಹೊಗೆಯಾಗಿ ಹೋಗುತ್ತದೆ.

ಉಣ್ಣಿ, ನೊಣ, ದನದ ರೋಗ ತಡೆಯಲು ಸುಟ್ಟಿರಬಹುದು ಎನ್ನುವವರಿದ್ದಾರೆ. ಆಲ್ಚಿನ್ ಇದರಲ್ಲಿ ಋತು ಬದಲಾಗುವಾಗಿನ ಆಚರಣೆಯನ್ನು ಕಂಡರು. ಹೋಳಿ, ಪೊಂಗಲ್‌ಗಳ ಬೆಂಕಿಯ ಹಿಂದೆ ಇದೇ ನೆನಪು ಇರಬಹುದೆಂದು ಅವರ ಊಹೆ. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವ ಹಳೆ ಮೈಸೂರು ಸೀಮೆಯವರಿಗೆ ಆ ಊಹೆ ದೂರದ್ದೆನಿಸದು. ಪೀಟರ್ ಜೊಹಾನ್ಸೆನ್ ತರದ ಇತ್ತೀಚಿನ ವಿದ್ವಾಂಸರು ಇನ್ನೂ ಮುಂದೆ ಹೋಗಿ, ದಿಬ್ಬಗಳನ್ನು ಬೇಕೆಂದೇ ಎತ್ತರಿಸಿ ಕಟ್ಟಿದ ಸ್ಮಾರಕಗಳೆಂದು ವಾದಿಸುತ್ತಾರೆ. ದೇಗುಲ, ಕೋಟೆ ಯಾವುದೂ ಇಲ್ಲದ ಕಾಲದಲ್ಲಿ ಒಂದು ಕುಲ ತನ್ನ ಸಂಪತ್ತನ್ನು ತೋರಿಸಿಕೊಳ್ಳುವ ಬಗೆ ಅದು.

ಕಾರಣ ಯಾವುದೇ ಇರಲಿ, ಒಂದು ಮಾತು ನಿಲ್ಲುತ್ತದೆ. ಸಗಣಿಯನ್ನು ಸುಡುವಷ್ಟು ಧಾರಾಳತನ ಬರಬೇಕಾದರೆ ನಾಳೆಯ ಸಗಣಿಯ ಬಗ್ಗೆ ಭರವಸೆ ಇರಬೇಕು. ಆ ಭರವಸೆ ಬರುವುದು ಕಣ್ಣು ಹಾಯುವಷ್ಟು ದೂರ ಹುಲ್ಲಿದ್ದಾಗ. ಹೊಲ ಚಿಕ್ಕದಿತ್ತು; ಕಾವಲು, ಅಂದರೆ ಹುಲ್ಲುಗಾವಲು, ದೊಡ್ಡದಿತ್ತು.

ಕಬ್ಬಿಣದ ಕಾಲ ಕಾಲಿಟ್ಟ ಮೇಲೆ, ಕ್ರಿ.ಪೂ. 1200ರ ಆಸುಪಾಸಿನಲ್ಲಿ, ಹೊಸ ಬೂದಿದಿಬ್ಬ ಏಳುವುದು ನಿಂತಿತು. ಕಾಡು ಕಡಿದು ಹೊಲ ಹಬ್ಬಿತು, ಕೆರೆ-ಕುಂಟೆ ಕಟ್ಟುವ ವಿದ್ಯೆ ಬೆಳೆಯಿತು. ಸುಡಲು ಸಗಣಿ ಉಳಿಯದ ಕಾಲ ಬಂತು ಎಂದು ಊಹಿಸಬಹುದು. ಹೊಲ ಅದನ್ನು ಕೇಳತೊಡಗಿತ್ತು. ದನ ಮಾತ್ರ ಸಂಪತ್ತಾಗಿಯೇ ಉಳಿಯಿತು. ತುರುಗಳನ್ನು ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು ಕನ್ನಡ ನಾಡಿನ ಊರೂರಲ್ಲಿ ನಿಂತಿವೆ.

ಕಾಲುವೆಯ ಕೆಳಗೆ, ಕಾವಲಿನ ಮೇಲೆ

ಹಂಪಿಯ ಅರಸರು ತುಂಗಭದ್ರೆಗೆ ಅಣೆಕಟ್ಟೆ ಹಾಕಿ ಕಾಲುವೆ ತೆಗೆದಾಗ ಈ ಸೀಮೆಯ ಬೇಸಾಯದ ಅಳತೆಯೇ ಬದಲಾಯಿತು. ತುರ್ತಾ, ರಾಯ, ಬಸವಣ್ಣ, ಬೆಲ್ಲ ಎಂಬ ಆ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ಹೊಸಪೇಟೆ, ಹಂಪಿ, ಕಂಪ್ಲಿಯ ಗದ್ದೆಗಳಲ್ಲಿ ಭತ್ತ, ಕಬ್ಬು, ಬಾಳೆ ರಾಜಧಾನಿಯ ಪೇಟೆಗಾಗಿಯೇ ಬೆಳೆದವು. 1520ರ ಸುಮಾರಿಗೆ ಬಂದ ಡೊಮಿಂಗೊ ಪೇಯಸ್ ಇಲ್ಲಿನ ಬೆಳೆ, ದನಕರು, ಪೇಟೆಯ ತುಂಬ ಮಾರಾಟಕ್ಕಿದ್ದ ಕುರಿಮಾಂಸ ಎಲ್ಲವನ್ನೂ ಬೆರಗಿನಿಂದ ದಾಖಲಿಸಿದ್ದಾನೆ. ಕೆರೆ-ಕಾಲುವೆಗಳ ಸುತ್ತಲ ನೀರಾವರಿ ಹೇಗೆ ಹಂತಹಂತವಾಗಿ ತೀವ್ರವಾಯಿತು ಎಂಬುದನ್ನು ಕ್ಯಾಥ್ಲೀನ್ ಮಾರಿಸನ್ ಕಮಲಾಪುರ ಕೆರೆಯ ಹೂಳಿನಲ್ಲಿದ್ದ ಪರಾಗದ ಕಣಗಳವರೆಗೂ ಹೋಗಿ ಅಧ್ಯಯನ ಮಾಡಿದ್ದಾರೆ.

ಗದ್ದೆ ಶತಮಾನಗಳ ಕಾಲ ಬಂಜರಾಗದೆ ಉಳಿದದ್ದು ಹೇಗೆ? ನದಿ ತಂದ ಹೂಳು, ಹೊಂಗೆಸೊಪ್ಪು, ತಿಪ್ಪೆಗೊಬ್ಬರ, ಇವೆಲ್ಲದರ ಜೊತೆಗೆ ಕುರಿ. ಸುಗ್ಗಿ ಮುಗಿದ ಮೇಲೆ ಕುರುಬರ ಹಿಂಡನ್ನು ಕರೆಸಿ ಹೊಲದಲ್ಲಿ ರಾತ್ರಿ ತರುಬಿಸುವುದು ಈ ಸೀಮೆಯ ಹಳೆಯ ಪದ್ಧತಿ. ಕುರಿಯ ಹಿಕ್ಕೆ, ಗಂಜಲ ಎರಡೂ ನೇರವಾಗಿ ಮಣ್ಣಿಗೆ ಸೇರುತ್ತವೆ. ಗಾಡಿ ಬೇಡ, ಎರಚುವ ಕೂಲಿ ಬೇಡ. ಪ್ರತಿಯಾಗಿ ಕುರಿಗಾಹಿಗೆ ಕಾಳೋ ಹಣವೋ, ಹಿಂಡಿಗೆ ಕೂಳೆಯ ಮೇವು. ಕರಿಕಂಬಳಿಯ ಉಣ್ಣೆ ಕೊಡುವ ದಖ್ಖನಿ ಕುರಿ, ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಕುರಿ ಈ ಒಪ್ಪಂದದ ಮೇಲೆ ಬೆಳೆದ ತಳಿಗಳು. ಗದ್ದೆ ಇರುವವನಿಗೆ ಕಾವಲಿಲ್ಲ, ಕಾವಲು ತಿರುಗುವವನಿಗೆ ಗದ್ದೆಯಿಲ್ಲ. ಇಬ್ಬರನ್ನೂ ಬೆಸೆದದ್ದು ಆ ಒಂದು ರಾತ್ರಿಯ ಮಂದೆ.

ದೊರೆಗಳಿಗೂ ಹುಲ್ಲಿನ ಬೆಲೆ ಗೊತ್ತಿತ್ತು. ವಿಜಯನಗರದಿಂದ ಬಂದವೆಂದು ಹೇಳಲಾಗುವ ಹಳ್ಳಿಕಾರ್ ರಾಸುಗಳು ಶ್ರೀರಂಗಪಟ್ಟಣ ಸೇರಿದವು; ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅವುಗಳಿಗೆಂದು ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯಾಯಿತು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಆ ಹಿಂಡುಗಳಿಗಾಗಿ ನಾಡಿನುದ್ದಕ್ಕೂ ಕಾವಲುಗಳನ್ನು ಮೀಸಲಿಟ್ಟಿದ್ದರು. ದನ ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಹೋಗುತ್ತಿತ್ತು.

ಹುಲ್ಲು ಹೋದ ಕಥೆ

1945ರ ಫೆಬ್ರವರಿಯಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯಕ್ಕೆ ಅಡಿಗಲ್ಲು ಬಿತ್ತು. 1953ಕ್ಕೆ ಅಣೆಕಟ್ಟು ಎದ್ದಿತ್ತು. ಯೋಜನೆ ಹಾಕಿದವರ ಮನಸ್ಸಿನಲ್ಲಿದ್ದದ್ದು ಬರಪೀಡಿತ ಎರೆಹೊಲಗಳಿಗೆ ಹಗುರ ನೀರಾವರಿ: ಜೋಳ, ಹತ್ತಿ, ಕಡಲೆಗೆ ಒಂದೆರಡು ತೇವ. ಆದದ್ದು ಭತ್ತ. ಕಾಲುವೆಯ ತಲೆಭಾಗದಲ್ಲಿ ವರ್ಷಕ್ಕೆ ಎರಡು ಸಲ ಗದ್ದೆ ನಾಟಿಯಾಯಿತು, ಕೆಲವೆಡೆ ನೆಲ ಸವುಳಾಯಿತು, ಕಾಲುವೆಯ ಕೊನೆಯವರಿಗೆ ನೀರಿಲ್ಲದಾಯಿತು. ಎರಡು ಬೆಳೆಯ ನಡುವೆ ಕುರಿ ತರುಬಲು ಬಿಡುವೂ ಉಳಿಯಲಿಲ್ಲ. ಆ ಜಾಗಕ್ಕೆ ಯೂರಿಯಾ ಬಂತು.

ಕುರೆಕುಪ್ಪದ ಕಡೆ ಕಥೆ ಬೇರೆ ದಾರಿ ಹಿಡಿಯಿತು. 1971ರಲ್ಲಿ ಇಂದಿರಾ ಗಾಂಧಿ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಸರ್ಕಾರಿ ಕಾರ್ಖಾನೆ ಏಳಲಿಲ್ಲ. 1994ರಲ್ಲಿ ಜಿಂದಾಲ್ ಸಮೂಹದ ಉಕ್ಕಿನ ಕಂಪನಿ ಇಲ್ಲಿಗೆಂದು ಹುಟ್ಟಿದ ಮೇಲೆ ಕುಲುಮೆ ಹೊತ್ತಿತು. ಒಂದು ಕಾಲಕ್ಕೆ ಪುರಾತತ್ವಜ್ಞರು ಕುಡತಿನಿಯ ದಿಬ್ಬದಲ್ಲಿ ತಪ್ಪಾಗಿ ಕಂಡ ಕಬ್ಬಿಣದ ಕುಲುಮೆ ಈಗ ನಿಜಕ್ಕೂ ಪಕ್ಕದಲ್ಲೇ ಇದೆ. ಹಳ್ಳಿಯಾಗಿದ್ದ ಕುರೆಕುಪ್ಪ ಪುರಸಭೆಯಾಯಿತು. ಕೆಲಸ ಬಂತು, ಬಾಡಿಗೆ ಮನೆಗಳು ಬಂದವು, ಸಂಬಳ ಬಂತು. ಇದನ್ನು ಕಡೆಗಣಿಸಿ ಹಳೆಯದನ್ನೇ ಹೊಗಳುವುದು ನ್ಯಾಯವಲ್ಲ. ಹೋದದ್ದು ಮೇವಿನ ನೆಲ. ಕುಡತಿನಿ ಸುತ್ತಲಿನ ಹಳ್ಳಿಗಳಲ್ಲಿ ಕೈಗಾರಿಕೆಗೆಂದು ಸ್ವಾಧೀನವಾದ ಸಾವಿರಾರು ಎಕರೆಯ ರೈತರು, ಬೆಲೆಯೂ ಸರಿಯಾಗಿ ಸಿಗಲಿಲ್ಲ, ಕೆಲಸವೂ ಬರಲಿಲ್ಲ ಎಂದು 2022ರ ಡಿಸೆಂಬರಿನಲ್ಲಿ ಧರಣಿ ಕೂತರು. ದಕ್ಷಿಣಕ್ಕೆ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲೂ ಇದೇ ನಡೆಯಿತು. ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ, ಬಾಹ್ಯಾಕಾಶ, ಅಣು ಸಂಶೋಧನಾ ಸಂಸ್ಥೆಗಳ ಪಾಲಾಯಿತು.

ಬೂದಿದಿಬ್ಬಗಳೂ ಕರಗಿದವು. ಹಲವು ಊರುಗಳಲ್ಲಿ ರೈತರೇ ಆ ಬೂದಿಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಎರಚಿದ್ದಾರೆ. ಪುರಾತತ್ವಕ್ಕೆ ಅದು ನಷ್ಟವೇ. ಆದರೂ ನವಶಿಲಾಯುಗದವರು ಹೊಲಕ್ಕೆ ಹಾಕದೆ ಉಳಿಸಿದ್ದನ್ನು ನಾಲ್ಕು ಸಾವಿರ ವರ್ಷದ ನಂತರದ ರೈತ ಹಾಕಿದ ಎಂಬುದರಲ್ಲಿ ಒಂದು ವಿಚಿತ್ರ ನ್ಯಾಯವಿದೆ.

ಲೆಕ್ಕ ಎಲ್ಲಿ ತಪ್ಪುತ್ತದೆ

2004ರಲ್ಲಿ ಕರ್ನಾಟಕ ಸಾವಯವ ಕೃಷಿ ನೀತಿ ತಂದಿತು. ದೇಶದಲ್ಲೇ ಮೊದಲು ತಂದ ರಾಜ್ಯಗಳಲ್ಲಿ ಒಂದು ಎಂಬ ಹೆಮ್ಮೆ ನಮ್ಮದು. ಮೇಳಗಳಾದವು, ದೃಢೀಕರಣ ಬಂತು, ಸಿರಿಧಾನ್ಯಕ್ಕೆ ಪೇಟೆ ಸಿಕ್ಕಿತು. ಸಂಗನಕಲ್ಲಿನ ಮಣ್ಣಿನಲ್ಲಿ ಸಿಕ್ಕ ಕೊರಲೆ ಈಗ ಬೆಂಗಳೂರಿನ ಅಂಗಡಿಗಳಲ್ಲಿ ಪೊಟ್ಟಣವಾಗಿ ಕೂತಿದೆ.

ಆದರೆ ಎಕರೆಗಟ್ಟಲೆ, ಪೇಟೆಗೆಂದೇ ಸಾವಯವ ಬೆಳೆಯುತ್ತೇನೆ ಎಂದು ಹೊರಟವನಿಗೆ ಒಂದು ಸರಳ ಗುಣಾಕಾರ ಎದುರಾಗುತ್ತದೆ. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46 ಪಾಲು. ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲಿನ ಸುಮಾರು. ಎಕರೆಗೆ 40 ಕೆಜಿ ಸಾರಜನಕ ಬೇಕೆಂದರೆ ಯೂರಿಯಾ ಎರಡು ಚೀಲ ಸಾಕು. ಗೊಬ್ಬರವಾದರೆ 8 ಟನ್. ದ್ವಿದಳ ಬೆಳೆ, ಹಸಿರೆಲೆ, ಎರೆಗೊಬ್ಬರ ಈ ಹೊರೆಯನ್ನು ಇಳಿಸುತ್ತವೆ, ನಿಜ. ಉಳಿದದ್ದು ಎಲ್ಲಿಂದಲೋ ಬರಬೇಕು: ಅಂದರೆ ದನದಿಂದ, ಕುರಿಯಿಂದ. ಪ್ರಾಣಿಯಿಲ್ಲದೆ ಬೇಸಾಯವಿಲ್ಲ ಎಂದು ಇಂದೋರಿನಲ್ಲಿ ಗೊಬ್ಬರ ಮಾಡುವುದನ್ನು ಅಭ್ಯಾಸ ಮಾಡಿದ ಆಲ್ಬರ್ಟ್ ಹೋವಾರ್ಡ್ 1940ರಲ್ಲಿ ಜಗತ್ತಿಗೆ ಹೇಳಿದ. ನಮ್ಮ ಕುರಿಗಾಹಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಪ್ರಾಣಿಗೆ ಮೇವು ಬೇಕು, ಮೇವಿಗೆ ನೆಲ ಬೇಕು. ಸಾವಯವದ ಭಾಷಣಗಳಲ್ಲಿ ಜೀವಾಮೃತದ ಪಾಕ ಕೇಳಿಸುತ್ತದೆ, ಗೋಮಾಳದ ಸರ್ವೆ ನಂಬರ್ ಕೇಳಿಸುವುದಿಲ್ಲ.

ಆ ನೆಲಕ್ಕೆ ಕಾನೂನಿನಲ್ಲಿ ಜಾಗವಿದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಮೇಯಲು ಮೀಸಲಿಡಬೇಕು. ಸಂಡೂರು, ಕಂಪ್ಲಿ, ಹೊಸಪೇಟೆ ಸೀಮೆಯ ಯಾವ ರೈತ ಸಂಘವಾದರೂ, ಯಾವ ಗ್ರಾಮ ಪಂಚಾಯ್ತಿಯಾದರೂ ಸಾವಯವದ ಹೆಸರು ಎತ್ತುವ ಮುನ್ನ ತಹಶೀಲ್ದಾರರ ಕಚೇರಿಯಲ್ಲಿ ಎರಡು ಅಂಕಿ ಕೇಳಲಿ: ನಮ್ಮೂರಲ್ಲಿ ರಾಸು ಎಷ್ಟು, ಗೋಮಾಳ ಎಷ್ಟು ಉಳಿದಿದೆ. ಕುರಿಗಾಹಿಗಳ ದಾರಿ, ಹೊಲಕ್ಕೆ ಹಿಂಡು ಕರೆಸುವ ಒಪ್ಪಂದ, ಸುಗ್ಗಿಯ ನಂತರದ ಕೂಳೆ ಮೇವು, ಇವು ಸಾವಯವ ಯೋಜನೆಯ ಸಾಲುಗಳಾಗಿ ಸರ್ಕಾರದ ಕಡತ ಸೇರಲಿ. ಕುಡತಿನಿಯ ದಿಬ್ಬಕ್ಕೂ ಒಂದು ಬೇಲಿ, ಒಂದು ಫಲಕ ಇರಲಿ. ಹುಲ್ಲಿದ್ದಾಗ ಈ ಸೀಮೆ ಹೇಗಿತ್ತೆಂಬುದಕ್ಕೆ ನಮ್ಮಲ್ಲಿರುವ ಅತ್ಯಂತ ಹಳೆಯ ದಾಖಲೆ ಅದು. ಕಾವಲು ಉಳಿದರೆ ಸಾವಯವ ಉಳಿದೀತು. ಕಾವಲು ಹೋದ ಮೇಲೆ ಉಳಿಯುವುದು ಚೀಲದ ಮೇಲಿನ ಹೆಸರು ಮಾತ್ರ.